ಟೈಮ್‌ಪಾಸ್ ಅಲ್ಲ ಆಂಟಿ, 34 ಗಂಟೆ

‘ಟೈಮ್‌ಪಾಸಾ?’ ಎಂದು ಕೇಳಿದವರು ಇಲ್ಲಿಯವರೆಗೆ ಒಂಬತ್ತು ಮಂದಿ. ಲೆಕ್ಕ ಇಟ್ಟಿದ್ದೇನೆ. ಮೆಟ್ರೊದಲ್ಲಿ ಪಕ್ಕ ಕುಳಿತ ಅಜ್ಜಿ, ಕಾಲೇಜಿನ ಕ್ಯಾಂಟೀನಿನಲ್ಲಿ ಮೂವರು ಕ್ಲಾಸ್‌ಮೇಟ್‌ಗಳು, ನಮ್ಮ ಬೀದಿಯ ಅಂಗಡಿ ಅಂಕಲ್, ಇಬ್ಬರು ನೆಂಟರು, ಲ್ಯಾಬಿನ ಸರ್, ಕೊನೆಗೆ ಕೆಳಗಿನ ಮನೆಯ ಆಂಟಿ. ಯಾರೂ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಕೈಯಲ್ಲಿ ದಾರ, ಕ್ರೋಶಾ ಕಡ್ಡಿ ಹಿಡಿದು ಕುಳಿತ ಹುಡುಗಿಯನ್ನು ಕಂಡರೆ ಮಾತಿಗೆ ಶುರು ಮಾಡಲು ಇದಕ್ಕಿಂತ ಸಲೀಸಾದ ಪದ ಇಲ್ಲ. ಮೊದಲ ಎಂಟು ಮಂದಿಗೆ ನಾನೂ ನಕ್ಕು ‘ಹೂಂ, ಟೈಮ್‌ಪಾಸ್’ ಅಂದುಬಿಟ್ಟೆ. ಒಂಬತ್ತನೆಯವರಿಗೆ ಹಾಗೆ ಹೇಳಲು ನಾಲಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಅಕ್ಕನ ಸೀಮಂತದ ದಿನ, ಹುಟ್ಟುವ ಮಗುವಿಗೆ ನಾನೇ ಒಂದು ಹೊದಿಕೆ ಹೆಣೆದು ಕೊಡುತ್ತೇನೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಆಗ ನನಗೆ ಕ್ರೋಶಾ ಬರುತ್ತಿರಲಿಲ್ಲ. ಯೂಟ್ಯೂಬಿನಲ್ಲಿ ಒಬ್ಬರು ಹೂವೊಂದನ್ನು ನಾಲ್ಕು ನಿಮಿಷದಲ್ಲಿ ಮುಗಿಸಿದ್ದನ್ನು ನೋಡಿದ್ದೆ, ಅಷ್ಟೇ. ಹೂವಿಗೆ ನಾಲ್ಕು ನಿಮಿಷವಾದರೆ ಹೊದಿಕೆಗೆ ಒಂದು ವಾರ ಸಾಕು ಎಂದುಕೊಂಡೆ. ಎಂಜಿನಿಯರಿಂಗ್ ಓದುವವರ ಅಂದಾಜುಗಳು ಹೀಗೇ ಇರುತ್ತವೆ ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ನಮ್ಮ ಮನೆ ಇರುವುದು ಜ್ಞಾನಭಾರತಿ ಮೆಟ್ರೊ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಲ್ಲಿ. ಅಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ಮೆಟ್ರೊ ಬಂದ ಮೇಲೆ ನಮ್ಮ ಕಡೆಯವರಿಗೆ ಪೇಟೆ ಎಷ್ಟು ಹತ್ತಿರವಾಗಿದೆಯೆಂದರೆ, ಒಂದು ದಾರದುಂಡೆ ಕಡಿಮೆ ಬಿದ್ದರೂ ಹೋಗಿ ಬರಬಹುದು. ಹೋಗಿ ಬಂದಿದ್ದೂ ಆಯಿತು, ಮೂರು ಸಲ. ಮೊದಲ ಸಲ ತಂದದ್ದು ಕಡುನೀಲಿ ಬಣ್ಣದ, ಬೆಕ್ಕಿನ ಮರಿಯ ಹಾಗೆ ಮೃದುವಾಗಿ ರೋಮ ರೋಮವಾಗಿದ್ದ ಅಕ್ರಿಲಿಕ್ ಉಲ್ಲನ್. ಹೊಸಬರು ಮಾಡುವ ಮೊದಲ ತಪ್ಪೇ ಇದು. ರೋಮದ ದಾರದಲ್ಲಿ ಸ್ಟಿಚ್ ಕಾಣುವುದಿಲ್ಲ, ಗಾಢ ಬಣ್ಣದಲ್ಲಿ ಇನ್ನೂ ಕಾಣುವುದಿಲ್ಲ. ಕಡ್ಡಿಯನ್ನು ಎಲ್ಲಿ ಚುಚ್ಚಬೇಕೆಂದು ಗೊತ್ತಾಗದೆ ಒಂದು ಸಂಜೆಯೆಲ್ಲ ಕತ್ತಲೆಯಲ್ಲಿ ಸೂಜಿ ಹುಡುಕಿದಂತಾಯಿತು. ಎರಡನೇ ಸಲ ಬುದ್ಧಿ ಬಂದು ತಿಳಿ ಹಳದಿ ಬಣ್ಣದ ಹತ್ತಿ ದಾರ ತಂದೆ: 100 ಗ್ರಾಮಿನ ಐದು ಉಂಡೆ, ಒಂದಕ್ಕೆ 180 ರೂಪಾಯಿ. ಮೂರನೇ ಸಲ ಹೋಗಿದ್ದು ಕಳೆದುಹೋದ 4 ಮಿಲಿಮೀಟರ್ ಕಡ್ಡಿಗೆ ಬದಲು ಇನ್ನೊಂದು ತರಲು. ಕಳೆದದ್ದು ಆಮೇಲೆ ಫ್ಲುಯಿಡ್ ಮೆಕ್ಯಾನಿಕ್ಸ್ ಪುಸ್ತಕದೊಳಗೆ ಸಿಕ್ಕಿತು.

ಎರಡನೇ ತಪ್ಪಿಗೆ ನಾನೊಬ್ಬಳೇ ಹೊಣೆಯಲ್ಲ. ಅಮೆರಿಕದವರು ಡಬಲ್ ಕ್ರೋಶಾ ಅನ್ನುವ ಸ್ಟಿಚ್ಚನ್ನು ಬ್ರಿಟನ್ನಿನವರು ಟ್ರೆಬಲ್ ಅನ್ನುತ್ತಾರೆ. ಬ್ರಿಟನ್ನಿನವರ ಡಬಲ್ ಎಂದರೆ ಅಮೆರಿಕದವರ ಸಿಂಗಲ್. ನಾನು ಒಂದು ದಿನ ಒಂದು ವಿಡಿಯೊ, ಮರುದಿನ ಇನ್ನೊಂದು ನೋಡಿಕೊಂಡು ಹೆಣೆದೆ. ಆರು ಸಾಲಿನಲ್ಲಿ ಮೂರು ಎತ್ತರ, ಮೂರು ಕುಳ್ಳ. ಮೀಟರ್ ಮತ್ತು ಅಡಿ ಬೆರೆಸಿ ಡ್ರಾಯಿಂಗ್ ಮಾಡಿದರೆ ಕ್ಲಾಸಿನಲ್ಲಿ ಬೈಸಿಕೊಳ್ಳುತ್ತೇವಲ್ಲ, ಅದೇ ಕತೆ.

ಮೂರನೆಯದು ಎಲ್ಲಕ್ಕಿಂತ ದುಬಾರಿಯ ತಪ್ಪು. 120 ಸ್ಟಿಚ್ಚಿನಿಂದ ಶುರು ಮಾಡಿದ ಹೊದಿಕೆ ಮೇಲೆ ಹೋಗುತ್ತಾ ಹೋಗುತ್ತಾ ಕಿರಿದಾಗತೊಡಗಿತು. ಪ್ರತಿ ಸಾಲಿನ ಕೊನೆಯ ಸ್ಟಿಚ್ ಅಂಚಿನಲ್ಲಿ ಮಡಚಿಕೊಂಡು ಅಡಗಿರುತ್ತದೆ. ಅದನ್ನು ಬಿಟ್ಟು ತಿರುಗಿಸುತ್ತಿದ್ದೆ. ಅಕ್ಕ ಫೋಟೊ ನೋಡಿ ‘ಇದೇನೇ, ಲಂಗೋಟಿನಾ?’ ಅಂದಳು. ಎಣಿಸಿದೆ, 109 ಇತ್ತು. 17 ಸಾಲು ಬಿಚ್ಚಿದೆ. ಕ್ರೋಶಾದಲ್ಲಿ ಬಿಚ್ಚುವುದು ಭಯಂಕರ ಸುಲಭ, ದಾರ ಎಳೆದರೆ ಸಾಕು. ಎರಡು ವಾರದ ಸಂಜೆಗಳು ಎರಡು ನಿಮಿಷದಲ್ಲಿ ಉಂಡೆಯಾಗಿ ಕೈಗೆ ಬರುತ್ತವೆ. ಆಮೇಲೆ ಪ್ರತಿ ಸಾಲಿನ ಎರಡು ತುದಿಗೂ ಒಂದೊಂದು ಪಿನ್ನು ಸಿಕ್ಕಿಸತೊಡಗಿದೆ. ಇದನ್ನು ಓದಿ ಯಾರಾದರೂ ಹೆಣೆಯಲು ಹೊರಟರೆ ನನ್ನದು ಇದೊಂದೇ ಸಲಹೆ: ಪಿನ್ನು ಹಾಕಿ, ಎಣಿಸಿ.

ಈಗ ಲೆಕ್ಕಕ್ಕೆ ಬರುತ್ತೇನೆ. ನಾನು ಓದುತ್ತಿರುವುದು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್. ‘ಅದರಲ್ಲಿ ಏನು ಕಲಿಸ್ತಾರೆ?’ ಎಂದು ನೆಂಟರು ಕೇಳಿದಾಗ ನಾಲ್ಕು ಸೆಮಿಸ್ಟರ್‌ವರೆಗೆ ನನಗೇ ಉತ್ತರ ಗೊತ್ತಿರಲಿಲ್ಲ. ಈಗ ಹೇಳಬಲ್ಲೆ: ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಅಳೆಯುವುದನ್ನು ಕಲಿಸುತ್ತಾರೆ. ವರ್ಕ್ ಸ್ಟಡಿ ಎಂಬ ವಿಷಯವಿದೆ. ಸ್ಟಾಪ್‌ವಾಚ್ ಹಿಡಿದು ಕೆಲಸಗಾರರ ಪಕ್ಕ ನಿಲ್ಲುವುದು, ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡುವುದು, ಪ್ರತಿ ತುಂಡಿನ ಸಮಯ ಬರೆದುಕೊಳ್ಳುವುದು. ಅವರು ಎಷ್ಟು ಚುರುಕಾಗಿ ಮಾಡಿದರು ಅನ್ನುವುದಕ್ಕೆ ಒಂದು ರೇಟಿಂಗ್ ಕೊಟ್ಟು ಗುಣಿಸುವುದು. ಅದಕ್ಕೆ ಆಯಾಸ, ನೀರು, ಶೌಚ ಇವುಗಳಿಗೆಂದು ಇಷ್ಟು ಪರ್ಸೆಂಟ್ ಅಲೊವೆನ್ಸ್ ಸೇರಿಸಿದರೆ ಸ್ಟ್ಯಾಂಡರ್ಡ್ ಟೈಮ್ ಸಿದ್ಧ. ಲ್ಯಾಬಿನಲ್ಲಿ ನಟ್ಟು ಬೋಲ್ಟು ಜೋಡಿಸುವ ಗೆಳತಿಯ ಮೇಲೆ ಇದನ್ನು ಮಾಡಿ ರೆಕಾರ್ಡ್ ಬರೆದಿದ್ದೆವು. ಮಾರ್ಕ್ಸೂ ಬಂದಿತ್ತು. ಒಂದು ರಾತ್ರಿ, ಸುಮ್ಮನೆ, ನನ್ನ ಕೈಯ ಮೇಲೆಯೇ ವಾಚ್ ಇಟ್ಟೆ.

ಮೊದಮೊದಲು 120 ಸ್ಟಿಚ್ಚಿನ ಒಂದು ಸಾಲಿಗೆ 20 ನಿಮಿಷ. ಅಂದರೆ ಸ್ಟಿಚ್ಚಿಗೆ 10 ಸೆಕೆಂಡ್. ಅರವತ್ತನೇ ಸಾಲಿನ ಹೊತ್ತಿಗೆ ಕೈ ಪಳಗಿ 12 ನಿಮಿಷಕ್ಕೆ ಇಳಿಯಿತು. ಮೆಟ್ರೊದಲ್ಲಿ ಸಿಕ್ಕ ಅದೇ ಅಜ್ಜಿ, ‘ದಾರನ ಹಂಗೆ ಬಿಗಿ ಹಿಡೀಬ್ಯಾಡ ಮಗ, ಕಿರುಬೆರಳಿಗೆ ಒಂದು ಸುತ್ತು ಸುತ್ಕೊ’ ಎಂದು ತೋರಿಸಿಕೊಟ್ಟಿದ್ದರಿಂದ ಒಂದೇ ದಿನದಲ್ಲಿ ಎರಡು ನಿಮಿಷ ಉಳಿಯಿತು. ರಾತ್ರಿ ಹತ್ತರ ನಂತರ ಅದೇ ಸಾಲಿಗೆ ಮತ್ತೆ 16 ನಿಮಿಷ. ಪುಸ್ತಕದಲ್ಲಿ ಆಯಾಸ ಎಂದರೆ ಒಂದು ಪರ್ಸೆಂಟೇಜು. ಹೆಬ್ಬೆರಳಿನ ಬುಡದಲ್ಲಿ ಅದು ಬೇರೆ ತರಹ ಇರುತ್ತದೆ.

ಒಟ್ಟು ಲೆಕ್ಕ ಹೀಗೆ: ನೂರು ಸಾಲು, ಸರಾಸರಿ 15 ನಿಮಿಷದಂತೆ 25 ಗಂಟೆ. ಬಿಚ್ಚಿ ಮತ್ತೆ ಹೆಣೆದದ್ದು ಐದೂವರೆ ಗಂಟೆ. ಸುತ್ತ ಅಂಚು ಕಟ್ಟಿ, ದಾರದ ತುದಿಗಳನ್ನು ಒಳಗೆ ಸೇರಿಸಿ, ತೊಳೆದು ಒಣಗಿಸಿ ಹರಡುವುದಕ್ಕೆ ಮೂರೂವರೆ. ಕೂಡಿದರೆ 34 ಗಂಟೆ. 12 ಸಾವಿರ ಸ್ಟಿಚ್. 75 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದ. ಹಾಳಾದ ನೀಲಿ ಉಲ್ಲನ್ನನ್ನೂ ಎರಡು ಕಡ್ಡಿಗಳನ್ನೂ ಇದರಲ್ಲಿ ಸೇರಿಸಿಲ್ಲ, ಅದು ಬಂಡವಾಳ ವೆಚ್ಚ.

ಹೊದಿಕೆ ಮುಕ್ಕಾಲು ಮುಗಿದಾಗ ಕ್ಲಾಸಿನಲ್ಲಿ ಹೊಸ ಮಾತು ಶುರುವಾಯಿತು. ‘ಮಾರೇ! ಇನ್‌ಸ್ಟಾದಲ್ಲಿ ಪೇಜ್ ಮಾಡು. ಸಾವಿರದ ಇನ್ನೂರಕ್ಕೆ ಹೋಗುತ್ತೆ.’ ಟೈಮ್‌ಪಾಸ್ ಎಂದು ನಕ್ಕವರೇ ಇದನ್ನೂ ಹೇಳಿದ್ದು. ನಮ್ಮ ವಯಸ್ಸಿನವರಿಗೆ ಎರಡೇ ಡಬ್ಬಿಗಳಿವೆಯೇನೋ: ಒಂದೋ ಟೈಮ್‌ಪಾಸ್, ಇಲ್ಲವೇ ಸ್ಟಾರ್ಟ್‌ಅಪ್. ಇರಲಿ, ಲೆಕ್ಕ ಹಾಕೋಣ. 1,200ರಲ್ಲಿ ದಾರದ 900 ಕಳೆದರೆ 300 ಉಳಿಯಿತು. ಅದನ್ನು 34ರಿಂದ ಭಾಗಿಸಿದರೆ ಗಂಟೆಗೆ 8 ರೂಪಾಯಿ 82 ಪೈಸೆ. ಒಂದು ಕಾಫಿಯೂ ಬರುವುದಿಲ್ಲ.

ಈ ಅಂಕಿಯನ್ನು ನಗುತ್ತಾ ಅಮ್ಮನಿಗೆ ಹೇಳಿದೆ. ಅಮ್ಮ ನಗಲಿಲ್ಲ.

ಅಮ್ಮ ಮೈಸೂರು ರಸ್ತೆಯ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸುವುದು ಅವಳ ಕೆಲಸ. ತಿಂಗಳಿಗೆ 13 ಸಾವಿರ. 26 ದಿನ, ದಿನಕ್ಕೆ 8 ಗಂಟೆ ಎಂದರೆ ಗಂಟೆಗೆ ಅರವತ್ತೆರಡೂವರೆ ರೂಪಾಯಿ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಬೋರ್ಡಿನ ಮೇಲೆ ಬರೆದೇ ಇರುತ್ತಾರೆ, ಎಷ್ಟು ಬಂತು ಎಂದು ಸೂಪರ್‌ವೈಸರ್ ಗಂಟೆಗೊಮ್ಮೆ ಬರೆದುಕೊಂಡು ಹೋಗುತ್ತಾರೆ. ನನ್ನ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ, ಅಂಚು ಎಳೆದು ನೋಡಿ ಅವಳು ಕೇಳಿದ ಮೊದಲ ಪ್ರಶ್ನೆ: ‘ಒಂದು ಪೀಸಿಗೆ ಎಷ್ಟು ಹೊತ್ತಾಯ್ತು?’ ಆ ಒಂಬತ್ತು ಮಂದಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಆಮೇಲೆ ಸ್ಟಾಪ್‌ವಾಚಿನ ವಿಷಯ ಬಂತು.

‘ನಮ್ ಲೈನಿಗೂ ವಾಚ್ ಹಿಡ್ಕೊಂಡು ಒಬ್ಬ ಹುಡುಗ ಬರ್ತಾನೆ. ಐಇ ಅಂತಾರೆ. ಒಳ್ಳೇ ಹುಡುಗ ಪಾಪ. ಅವನು ಹಿಂದೆ ನಿಂತಾಗ ನಾವೆಲ್ಲ ಒಂಚೂರು ನಿಧಾನ ಮಾಡ್ತೀವಿ.’

‘ಯಾಕಮ್ಮ?’

‘ಜೋರಾಗಿ ಹೊಲಿದ್ರೆ ನಾಳೆಯಿಂದ ಅದೇ ಟಾರ್ಗೆಟ್ ಆಗುತ್ತೆ ಕಣೇ. ದಿನಾ ಆಗುತ್ತಾ ಹಂಗೆ?’

ಐಇ ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರ್. ಅಂದರೆ ಎರಡು ವರ್ಷದ ನಂತರದ ನಾನು. ಬರುವ ರಜೆಯಲ್ಲಿ ನನ್ನ ಇಂಟರ್ನ್‌ಶಿಪ್ ಕೂಡ ಒಂದು ಗಾರ್ಮೆಂಟ್ಸ್ ಘಟಕದಲ್ಲೇ. ಗಾರ್ಮೆಂಟ್ಸ್ ಲೋಕದಲ್ಲಿ ಸ್ಟ್ಯಾಂಡರ್ಡ್ ಟೈಮಿಗೆ ಸ್ಯಾಮ್ ಎನ್ನುತ್ತಾರೆ. ಒಂದು ಶರ್ಟಿಗೆ ಇಷ್ಟು ನಿಮಿಷ ಎಂಬ ಸಂಖ್ಯೆ. ಯಾವ ಲೈನಿನಲ್ಲಿ ಎಷ್ಟು ಜನ, ಗಂಟೆಗೆ ಎಷ್ಟು ಪೀಸ್, ಬಟ್ಟೆಗೆ ಎಷ್ಟು ದರ ಎಲ್ಲಕ್ಕೂ ಅದೇ ಬುಡ. ಆ ಸಂಖ್ಯೆಯಲ್ಲಿ ಒಂದು ಸೆಕೆಂಡ್ ಆಚೀಚೆ ಆದರೆ ಅಮ್ಮ ಮಧ್ಯಾಹ್ನ ನೀರು ಕುಡಿಯಲು ಏಳುತ್ತಾಳೋ ಇಲ್ಲವೋ ಎಂಬುದು ಬದಲಾಗುತ್ತದೆ. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬರಲಿಲ್ಲ.

ಆದರೂ ಒಂದು ವ್ಯತ್ಯಾಸ ಗಮನಿಸಿ. ಅಮ್ಮನ ಫ್ಯಾಕ್ಟರಿಯಲ್ಲಿ ಅಳತೆ ಬಿಗಿ, ಕೆಲವೊಮ್ಮೆ ಅನ್ಯಾಯ. ಆದರೆ ಅಳತೆ ಅನ್ನುವುದೊಂದು ಇದೆ. ಅದರ ಮೇಲೆ ಜಗಳ ಆಡಬಹುದು, ನಿಧಾನ ಮಾಡಬಹುದು, ‘ಇಷ್ಟು ಆಗಲ್ಲ’ ಎನ್ನಬಹುದು. ಮನೆಯಲ್ಲಿ ಕುಳಿತು ಮಾಡುವ ಕೈಕೆಲಸಕ್ಕೆ ಆ ಅಳತೆಯೇ ಇಲ್ಲ. ಅದರ ಹೆಸರೇ ಟೈಮ್‌ಪಾಸ್. ಹೇಗಿದ್ದರೂ ಕಳೆದುಹೋಗುತ್ತಿದ್ದ ಸಮಯ ಎಂದಮೇಲೆ ಅದಕ್ಕೆ ಬೆಲೆ ಎಲ್ಲಿಂದ ಬರಬೇಕು?

ಇದು ನಾನು ಹೊಸದಾಗಿ ಕಂಡುಹಿಡಿದ ವಿಷಯವಲ್ಲ. ಮಹಡಿಯ ಮೇಲಿನ ರೂಮಿನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಎಂ.ಎ. ಓದುವ ಒಬ್ಬ ಅಕ್ಕ ಇದ್ದಾರೆ. ನನ್ನ 8 ರೂಪಾಯಿ 82 ಪೈಸೆಯ ಕತೆ ಕೇಳಿ ಅವರು ಒಂದು ಪುಸ್ತಕದ ಬಗ್ಗೆ ಹೇಳಿದರು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1982ರಲ್ಲಿ ಪ್ರಕಟಿಸಿದ ‘ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್’. ನರಸಾಪುರ ಇರುವುದು ನೆರೆಯ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಅಲ್ಲಿನ ಹೆಂಗಸರಿಗೆ ಕ್ರೋಶಾ ಲೇಸ್ ಕಲಿಸಿದರು. ಮುಂದೆ ಅದು ದೊಡ್ಡ ರಫ್ತು ವ್ಯಾಪಾರವಾಯಿತು. ಮನೆಗೆಲಸ, ಮಕ್ಕಳು ಎಲ್ಲ ಮುಗಿಸಿ ದಿನಕ್ಕೆ ಹಲವು ಗಂಟೆ ಹೆಣೆದ ಲೇಸು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು. ಹೆಣೆದವರ ಕೈಗೆ ಬರುತ್ತಿದ್ದುದು ತೀರಾ ಪುಡಿಗಾಸು. ಕಾರಣ ಮೀಸ್ ಬಿಡಿಸಿ ತೋರಿಸಿದ್ದಾರೆ: ಇವರು ಕೆಲಸಗಾರರಲ್ಲ, ಗೃಹಿಣಿಯರು; ಬಿಡುವಿನಲ್ಲಿ ಹೆಣೆಯುತ್ತಾರೆ ಎಂದು ವ್ಯಾಪಾರಿಗಳೂ, ಊರೂ, ಬಹುಮಟ್ಟಿಗೆ ಸ್ವತಃ ಹೆಂಗಸರೂ ನಂಬಿದ್ದರು. ಬಿಡುವಿನ ವೇಳೆಯ ಕೆಲಸ ಎಂಬ ಆ ಒಂದು ಮಾತಿನ ಮೇಲೆ ಇಡೀ ದಂಧೆ ನಿಂತಿತ್ತು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. ಸಂತೋಷ. ಟ್ಯಾಗ್ ಊರಿನ ಹೆಸರನ್ನು ಕಾಪಾಡುತ್ತದೆ. ಗಂಟೆಯ ದರ ಅದರಲ್ಲಿ ಬರೆದಿರುವುದಿಲ್ಲ.

‘ಈಗೆಲ್ಲ ಮಷಿನ್ ಇದೆಯಲ್ಲ’ ಎನ್ನುವವರಿಗೆ ಒಂದು ಮಾತು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಕುತೂಹಲವೂ ಹೌದು. ಸ್ವೆಟರ್ ಹೆಣಿಗೆಯಲ್ಲಿ ಒಂದಿಡೀ ಸಾಲಿನ ಕುಣಿಕೆಗಳು ಸೂಜಿಯ ಮೇಲೆ ಬಾಯಿ ತೆರೆದುಕೊಂಡೇ ಕುಳಿತಿರುತ್ತವೆ. ಅದನ್ನು ಸಾಲಾಗಿ ಜೋಡಿಸಿದ ಸೂಜಿಗಳಿಂದ ಮಷಿನ್ ಸುಲಭವಾಗಿ ಮಾಡುತ್ತದೆ. ನಾವು ಹಾಕುವ ಟಿ-ಶರ್ಟು, ಕಾಲುಚೀಲ ಎಲ್ಲ ಹೀಗೆ ಬಂದದ್ದು. ಕ್ರೋಶಾದಲ್ಲಿ ಹಾಗಲ್ಲ. ಒಂದು ಸ್ಟಿಚ್ಚನ್ನು ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು, ಪ್ರತಿ ಸಲವೂ ಕಡ್ಡಿ ಈಗಾಗಲೇ ಹೆಣೆದ ಬಟ್ಟೆಯೊಳಗೆ ಸರಿಯಾದ ತೂತು ಹುಡುಕಿ ನುಗ್ಗಿ ಹೊರಬರಬೇಕು. ಪ್ರಯೋಗಾಲಯಗಳಲ್ಲಿ ಪ್ರಯತ್ನಗಳು ನಡೆದಿವೆ. ಆದರೆ ಅಂಗಡಿಗೆ ಬರುವ ನಿಜವಾದ ಕ್ರೋಶಾ ಇವತ್ತಿಗೂ ಕೈಯದೇ. ಲೇಸಿನಂತೆ ಕಾಣುವ ಮಷಿನ್ ಬಟ್ಟೆ ಬೇರೆ ಇದೆ, ಅದು ಕ್ರೋಶಾದ ವೇಷ ಅಷ್ಟೇ. ಮಾಲಿನಲ್ಲಿ ಮುನ್ನೂರು ರೂಪಾಯಿಗೆ ನಿಜವಾದ ಕ್ರೋಶಾ ಟಾಪ್ ನೇತಾಡುತ್ತಿದ್ದರೆ, ಎಲ್ಲೋ ಯಾರೋ ಅದರ ಹಿಂದೆ ಗಂಟೆಗಟ್ಟಲೆ ಕುಳಿತಿದ್ದಾರೆ. ಆ ಬೆಲೆಯಲ್ಲಿ ದಾರ, ಸಾಗಣೆ, ಅಂಗಡಿ ಬಾಡಿಗೆ ಕಳೆದು ಏನು ಉಳಿಯಿತು ಎಂದು ಭಾಗಾಕಾರ ಮಾಡಿ ನೋಡಿ.

ನಡುವೆ ಒಂದು ಉಪಕತೆ. ಅಂಚು ಕಟ್ಟುವಾಗ ಮೂಲೆಗಳಲ್ಲಿ ಹೆಚ್ಚು ಸ್ಟಿಚ್ ಹಾಕಿಬಿಟ್ಟೆ. ಹೊದಿಕೆ ಮೂಲೆಯಲ್ಲಿ ಲೆಟ್ಯೂಸ್ ಎಲೆಯ ಹಾಗೆ ಸುರುಟಿಕೊಂಡಿತು. ಹುಡುಕಿದರೆ, ಇದೇ ತಪ್ಪನ್ನು ಬೇಕೆಂದೇ ಮಾಡಿ ಹೆಸರಾದವರಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ, ಪ್ರತಿ ಸಾಲಿನಲ್ಲೂ ಒಂದೇ ಅನುಪಾತದಲ್ಲಿ ಸ್ಟಿಚ್ ಹೆಚ್ಚಿಸುತ್ತಾ ಹೋಗಿ ಹೈಪರ್‌ಬಾಲಿಕ್ ಜ್ಯಾಮಿತಿಯ ಮಾದರಿಯನ್ನು ಕ್ರೋಶಾದಲ್ಲಿ ಹೆಣೆದರು. ಪುಸ್ತಕದ ಚಿತ್ರದಲ್ಲಿ ಅರ್ಥವಾಗದ ಮೇಲ್ಮೈಯನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಮಡಚಿ ನೋಡಬಹುದಾಯಿತು. ಗಣಿತಜ್ಞೆ ಮಾಡಿದಾಗ ಯಾರೂ ಟೈಮ್‌ಪಾಸ್ ಅನ್ನಲಿಲ್ಲ ಎಂದುಕೊಂಡಿದ್ದೇನೆ. ನನ್ನ ಮೂಲೆಗಳನ್ನು ಬಿಚ್ಚಿ ಸರಿ ಮಾಡಿದೆ.

ಇನ್ನೊಂದು ದೊಡ್ಡ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. 2016ರ ಜನವರಿ 31ರಂದು ಚೆನ್ನೈನಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಮಹಿಳೆಯರ ಬಳಗ ಜಗತ್ತಿನ ಅತಿ ದೊಡ್ಡ ಕ್ರೋಶಾ ಹೊದಿಕೆಯ ಗಿನ್ನೆಸ್ ದಾಖಲೆ ಮಾಡಿತು: 11,148.5 ಚದರ ಮೀಟರ್. ನನ್ನ ಹೊದಿಕೆ 0.675 ಚದರ ಮೀಟರ್. ಅಂದರೆ ನನ್ನಂಥವು ಹದಿನಾರೂವರೆ ಸಾವಿರ ಬೇಕು. ನನ್ನ ಆಮೆ ವೇಗದಲ್ಲಿ ಒಬ್ಬಳೇ ಕುಳಿತರೆ ಐದೂವರೆ ಲಕ್ಷ ಗಂಟೆಗೂ ಹೆಚ್ಚು. ಊಟ ನಿದ್ದೆ ಬಿಟ್ಟು 64 ವರ್ಷ. ಅವರು ನನಗಿಂತ ಬಹಳ ವೇಗದವರು, ಬಿಡಿ. ಆದರೂ ದಾಖಲೆ ಅಳೆದದ್ದು ಚದರ ಮೀಟರನ್ನು. ಅಷ್ಟು ಕೈಗಳು ಕೂಡಿ ಎಷ್ಟು ಗಂಟೆ ಕೊಟ್ಟವು ಎಂದು ತಿಳಿಯುವ ಆಸೆ ನನಗೆ.

ಈಗ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಉಚಿತವಾಗಿ ಮಾಡಿಕೊಡುವುದರ ಮೇಲೆ ನನಗೆ ತಕರಾರಿಲ್ಲ. ಅಕ್ಕನ ಮಗುವಿಗೆ ಬಿಲ್ ಕಳಿಸುವಷ್ಟು ನಾನು ಕೆಟ್ಟಿಲ್ಲ. ಮಾರುವುದರ ಮೇಲೂ ತಕರಾರಿಲ್ಲ. ತಕರಾರು ಇರುವುದು ಎಷ್ಟು ಹೊತ್ತಾಯಿತು ಎಂದು ಕೇಳದೆ, ಹೇಳದೆ ಬಿಡುವುದರ ಮೇಲೆ. ಕಾಲೇಜ್ ಫೆಸ್ಟಿನಲ್ಲಿ ಗೆಳತಿಯೊಬ್ಬಳು ಕ್ರೋಶಾ ಸೂರ್ಯಕಾಂತಿ ಕೀಚೈನ್ 80 ರೂಪಾಯಿಗೆ ಮಾರುತ್ತಿದ್ದಳು. ಒಂದಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ‘ಅರವತ್ತಕ್ಕೆ ಕೊಡೇ’ ಎಂದು ಚೌಕಾಸಿ ಮಾಡಿದವರು ನಮ್ಮದೇ ಕ್ಲಾಸಿನವರು. ಪಕ್ಕದ ಸ್ಟಾಲಿನಲ್ಲಿ ಎರಡು ನಿಮಿಷದ ನೂಡಲ್ಸ್ ಅದೇ 60 ರೂಪಾಯಿಗೆ ಮರುಮಾತಿಲ್ಲದೆ ಖರ್ಚಾಗುತ್ತಿತ್ತು. ಪ್ಲೇಸ್‌ಮೆಂಟ್ ಬಂದರೆ ಸಿಟಿಸಿಯಲ್ಲಿ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು ಎಂದು ದಶಾಂಶದವರೆಗೆ ಬಿಡಿಸುವ ನಾವು, ಕೀಚೈನಿನ ಮುಂದೆ ಭಾಗಾಕಾರ ಮರೆಯುತ್ತೇವೆ. ಗೆಳತಿಯೂ ಮರೆತಿದ್ದಳು. ‘ಹೇಗೂ ಟಿವಿ ನೋಡ್ತಾ ಮಾಡ್ತೀನಲ್ಲ’ ಅಂದಳು. ನರಸಾಪುರದ ಮಾತು ಇಂಗ್ಲಿಷ್ ಪುಸ್ತಕದಿಂದ ಎದ್ದು ಬಂದು ನಮ್ಮ ಕ್ಯಾಂಪಸ್ಸಿನಲ್ಲಿ ನಿಂತ ಹಾಗಾಯಿತು.

ಇದಕ್ಕೆ ಆಕ್ಷೇಪ ಇದೆ. ಹಾಗೆ ಗಂಟೆ ಲೆಕ್ಕ ಹಾಕಿ ಬೆಲೆ ಇಟ್ಟರೆ ಯಾರೂ ಕೊಳ್ಳುವುದಿಲ್ಲ ಎಂದು ಅವಳೇ ಹೇಳಿದಳು. ನಿಜ ಇರಬಹುದು. ಅಮ್ಮನ ದರದಲ್ಲಿ ನನ್ನ ಹೊದಿಕೆಗೆ 34 ಗಂಟೆಗೆ 2,125 ರೂಪಾಯಿ, ದಾರದ 900 ಸೇರಿ 3,025. ಇಷ್ಟು ಕೊಟ್ಟು ಮಗುವಿನ ಹೊದಿಕೆ ಕೊಳ್ಳುವವರು ನಮ್ಮ ಬೀದಿಯಲ್ಲಿ ಕಡಿಮೆ. ಕೊಳ್ಳದಿದ್ದರೆ ಬೇಡ. ಆದರೆ 3,025ರ ವಸ್ತುವನ್ನು 1,200ಕ್ಕೆ ಕೊಟ್ಟಾಗ ಉಳಿದ 1,825 ರೂಪಾಯಿ ನಾನು ಕೊಟ್ಟ ಉಡುಗೊರೆ ಎಂದು ಇಬ್ಬರಿಗೂ ಗೊತ್ತಿರಲಿ. ಯಾರಿಗೆ ಉಡುಗೊರೆ ಕೊಡಬೇಕು ಎಂಬುದು ನನ್ನ ಆಯ್ಕೆಯಾಗಿರಲಿ.

‘ಪ್ರೀತಿಯಿಂದ ಮಾಡೋದಕ್ಕೂ ಮೀಟರ್ ಹಾಕ್ತೀಯಲ್ಲೇ’ ಎಂದು ಅಕ್ಕ ಮುನಿಸಿಕೊಂಡಿದ್ದಳು. ಅವಳಿಗೆ ಉತ್ತರ ಕೊಡಲಿಲ್ಲ, ನಾಮಕರಣದ ದಿನ ಹೊದಿಕೆಯ ಜೊತೆ ಒಂದು ಚೀಟಿ ಪಿನ್ನು ಹಾಕಿಕೊಟ್ಟೆ: ‘100 ಸಾಲು, 12,000 ಸ್ಟಿಚ್, 34 ಗಂಟೆ. ಚಿಕ್ಕಮ್ಮನಿಂದ.’ ಅದನ್ನು ಓದಿ ಅವಳು ಹೊದಿಕೆಯನ್ನು ಮತ್ತೊಮ್ಮೆ ಬಿಡಿಸಿ, ಮೊದಲ ಸಲ ನೋಡುವವಳಂತೆ ನೋಡಿದಳು. ಚೀಟಿಯನ್ನು ಮಗುವಿನ ಲಸಿಕೆ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಾಳೆ.

ಅದೇ ದಿನ ಎರಡು ಸಂಗತಿ ನಡೆದವು. ಒಂದು, ಅಕ್ಕ ಡಾಕ್ಟರ್ ಹೇಳಿದ್ದನ್ನು ಹೇಳಿದಳು: ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿಗೆ ಸಡಿಲವಾದ ಹೊದಿಕೆ ಹೊದಿಸಬಾರದು, ಮುಖದ ಮೇಲೆ ಬಿದ್ದರೆ ಉಸಿರು ಕಟ್ಟುವ ಅಪಾಯ. 34 ಗಂಟೆಯ ಹೊದಿಕೆ ಹೊದೆಯಲು ಇಲ್ಲ! ಮಗು ಎಚ್ಚರ ಇದ್ದಾಗ ಎದುರಿಗೇ ಕುಳಿತು ನೆಲಕ್ಕೆ ಹಾಸಿ ಬೋರಲು ಮಲಗಿಸಬಹುದು, ತೊಡೆಯ ಮೇಲೆ ಹಾಸಿಕೊಳ್ಳಬಹುದು. ಮೊದಲೇ ಕೇಳಬೇಕಿತ್ತು, ಕೇಳಿರಲಿಲ್ಲ. ದೊಡ್ಡ ತೂತುಗಳ ಡಿಸೈನ್ ಬಿಟ್ಟು ಒತ್ತಾದ ಹೆಣಿಗೆ ಆರಿಸಿದ್ದೊಂದು ಪುಣ್ಯ. ತೂತಿನಲ್ಲಿ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದಂತೆ.

ಎರಡು, ಗದಗಿನ ಕಡೆಯಿಂದ ಬಂದಿದ್ದ ಅಕ್ಕನ ಅತ್ತೆ ತಮ್ಮ ಚೀಲದಿಂದ ಒಂದು ಕೌದಿ ತೆಗೆದರು. ಅವರದೇ ಹಳೆಯ ಇಳಕಲ್ ಸೀರೆ, ಅವರ ತಾಯಿಯ ಸೀರೆ, ಎಲ್ಲ ಪದರ ಪದರ ಇಟ್ಟು ಕೈಯಲ್ಲೇ ಹೊಲಿದದ್ದು. ಸಾಲಿಂದ ಸಾಲಿಗೆ ಒಂದು ಬೆರಳಿನ ಅಂತರವೂ ಇಲ್ಲ. ನನ್ನ ಹೊದಿಕೆಯ ನಾಲ್ಕು ಪಟ್ಟು ದೊಡ್ಡದು. ‘ಇದಕ್ಕೆ ಎಷ್ಟು ದಿನ ಆಯ್ತು ಅತ್ತೆ?’ ಎಂದು ಕೇಳಿದೆ.

‘ಯಾರು ಲೆಕ್ಕಾ ಇಟ್ಟಾರವ್ವಾ. ಮಧ್ಯಾಹ್ನ ಹೊತ್ತು ಹೋಗಲಿಲ್ಲಂದ್ರ ಕುಂದರ್ತಿದ್ದೆ, ಅಷ್ಟ’ ಅಂದರು.

ಹೊತ್ತು ಹೋಗಲಿಲ್ಲ ಎಂದರೆ! ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ತಟ್ಟಿ, ಎರಡು ಎಮ್ಮೆ ನೋಡಿಕೊಳ್ಳುವವರು ಅವರು. ನಾನು ಕೌದಿಯ ಒಂದು ಗೇಣು ಜಾಗದಲ್ಲಿ ಹೊಲಿಗೆ ಎಣಿಸಿ ಗುಣಿಸಲು ಕುಳಿತೆ. ಅಮ್ಮ ಬಂದು ಪಕ್ಕ ಕುಳಿತು ಬಟ್ಟೆಯನ್ನು ತಿರುಗಿಸಿ ನೋಡಿ, ‘ಇದು ಎರಡು ತಿಂಗಳ ಕೆಲಸ ಕಣಕ್ಕ, ಕಮ್ಮಿ ಇಲ್ಲ’ ಎಂದು ನೇರ ಅವರಿಗೇ ಹೇಳಿದಳು. ಅತ್ತೆ ಒಂದು ಕ್ಷಣ ಸುಮ್ಮನಿದ್ದು, ‘ಎರಡ ಅಲ್ಲ, ಮೂರಾಗಿತ್ತು’ ಅಂದರು. ಲೆಕ್ಕ ಇಟ್ಟಿದ್ದರು.

ಕೆಳಗಿನ ಮನೆಯ ಆಂಟಿಯ ಮಾತು ಬಾಕಿ ಇದೆ. ನಾಮಕರಣಕ್ಕೆ ಬಂದು ಹೊದಿಕೆ ನೋಡಿದ್ದ ಅವರು ಮರುವಾರ ಮೆಟ್ಟಿಲಲ್ಲಿ ಸಿಕ್ಕರು. ನನ್ನ ಕೈಯಲ್ಲಿ ಉಳಿದ ಹಳದಿ ದಾರದ ಕುಲಾವಿ ಇತ್ತು. ‘ಮತ್ತೆ ಟೈಮ್‌ಪಾಸಾ? ನನ್ನ ತಂಗಿ ಮಗಳಿಗೂ ಒಂದು ಹೊದಿಕೆ ಮಾಡ್ಕೊಡೆ, ದಾರದ ದುಡ್ಡು ನಾನೇ ಕೊಡ್ತೀನಿ’ ಅಂದರು. ಪ್ರೀತಿಯಿಂದಲೇ ಕೇಳಿದ್ದು. ನಾನೂ ಪ್ರೀತಿಯಿಂದಲೇ ಹೇಳಿದೆ: ‘ಟೈಮ್‌ಪಾಸ್ ಅಲ್ಲ ಆಂಟಿ, 34 ಗಂಟೆ ಹಿಡಿಯುತ್ತೆ. ಈಗ ಕೈ ಪಳಗಿದೆ, 25ರಲ್ಲಿ ಮುಗಿಸಬಹುದು. ದಾರ ಸೇರಿ ಎರಡೂವರೆ ಸಾವಿರ ಆಗುತ್ತೆ.’

ಆಂಟಿ ಕಣ್ಣರಳಿಸಿ ನಕ್ಕರು. ‘ಎಂಜಿನಿಯರ್ ಆಗೋಕೆ ಮುಂಚೆನೇ ಇಷ್ಟು ರೇಟಾ?’ ಎಂದರು. ‘ಅಮ್ಮನ ರೇಟೇ ಆಂಟಿ, ನಂದಲ್ಲ’ ಅಂದೆ. ಯೋಚನೆ ಮಾಡಿ ಹೇಳುತ್ತೇನೆ ಎಂದು ಹೋಗಿದ್ದಾರೆ. ಇನ್ನೂ ಹೇಳಿಲ್ಲ. ಬುಧವಾರ ಅವರ ಮನೆಯಿಂದ ಹುಳಿಯನ್ನ ಮಾತ್ರ ಎಂದಿನಂತೆ ಬಂತು.